ಹೀಟ್‌ಶೀಲ್ಡ್ ಯಾರಿಗುಂಟು, ಯಾರಿಗಿಲ್ಲ?

ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿಗೆ ಇಂಗ್ಲೆಂಡಿನ ಬಂಕಿನಲ್ಲಿ ಬೇರೆ ಪೆಟ್ರೋಲ್ ಸಿಗುತ್ತೆ. 2014ರ ಬೈಕಿಗೆ ದಾವಣಗೆರೆಯ ಬಂಕಿನಲ್ಲಿ ಸಿಗಲ್ಲ. ಒಂದು ಬಿಸಿ ಕಾರ್ಬ್ಯುರೇಟರ್ ಮುಂದೆ ನಿಂತಾಗ ಈ ವ್ಯತ್ಯಾಸ ನನ್ನ ತಲೆಗೆ ಹೊಕ್ಕಿತು.

2022ರ ಜುಲೈ. ಆಕ್ಸ್‌ಫರ್ಡ್ ಹತ್ತಿರದ ಊರೊಂದರಲ್ಲಿ ನಾನು ಆಗ ಕೆಲಸಕ್ಕಿದ್ದೆ. ಆ ವಾರ ಇಂಗ್ಲೆಂಡ್ ಅಕ್ಷರಶಃ ಬೆಂದುಹೋಗಿತ್ತು. 19ನೇ ತಾರೀಕು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ನಿನ ದಾಖಲೆಯಲ್ಲಿ ತಾಪಮಾನ 40 ದಾಟಿದ್ದು ಅದೇ ಮೊದಲು. ಕಲಬುರಗಿಯವರು ‘ಇಷ್ಟೇನಾ?’ ಅಂತ ನಗಬಹುದು. ಆದ್ರೆ ಫ್ಯಾನೇ ಇಲ್ಲದ ಮನೆಗಳ ದೇಶ ಅದು.

ಪಕ್ಕದ ಮನೆಯ ಹಿರಿಯರೊಬ್ಬರ ಹತ್ರ 1972ರ ಎಂಜಿಬಿ ಇತ್ತು. ಎರಡೇ ಸೀಟಿನ, ಮಾಡು ತೆಗೆಯಬಹುದಾದ ಹಸಿರು ಕಾರು. ಬಸ್ ಓಡಿಸಿ ನಿವೃತ್ತರಾದ ಮನುಷ್ಯ, ಉಳಿತಾಯದ ದುಡ್ಡಲ್ಲಿ ಕೊಂಡಿದ್ದರು. ಸಂಜೆ ಒಂದು ಸುತ್ತು ಹೋಗೋಣ ಅಂತ ಕರೆದರು, ಹೊರಟೆವು. ದಾರಿಯಲ್ಲಿ ತಣ್ಣಗೆ ಏನಾದ್ರೂ ಕುಡಿಯೋಣ ಅಂತ ಹತ್ತು ನಿಮಿಷ ನಿಲ್ಲಿಸಿದ್ವಿ. ವಾಪಸ್ ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೀತು. ಕಾರ್ಬ್ಯುರೇಟರ್ ಒಳಗಿಂದ ಅನ್ನ ಕುದಿಯೋ ಥರ ಗುಳುಗುಳು ಸದ್ದು ಬರ್ತಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯ್ತು.

ಆ ಸದ್ದು ನನಗೆ ಹೊಸದಲ್ಲ. ನಮ್ಮ ಸೋದರಮಾವ ಅಂಬಾಸಡರ್ ಟ್ಯಾಕ್ಸಿ ಓಡಿಸ್ತಿದ್ದರು. ಧರ್ಮಸ್ಥಳದ ಬಾಡಿಗೆ ಮುಗಿಸಿ ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತಬೇಕು. ಬೇಸಿಗೆಯಲ್ಲಿ ಅರ್ಧ ದಾರೀಲಿ ಇಂಜಿನ್ ಕೆಮ್ಮೋಕೆ ಶುರು ಮಾಡಿದರೆ ಮಾವ ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತೋರು. “ಗಾಡಿಗೆ ಜ್ವರ ಬಂದೈತಿ, ತಣ್ಣೀರ್ ಪಟ್ಟಿ ಹಾಕ್ಬೇಕು” ಅನ್ನೋರು. ನಾವು ಹುಡುಗರು ಕಲ್ಲಿನ ಮೇಲೆ ಕೂತು ಮಂಗಗಳನ್ನ ನೋಡ್ತಿದ್ವಿ.

ಎರಡೂ ಗಾಡಿಗಳು ದೂರದ ನೆಂಟರು. ಎಂಜಿಬಿಯ 1,798 ಸಿಸಿ ಇಂಜಿನ್ನೂ, ಅಂಬಾಸಡರ್‌ನ ಹಳೆಯ 1,489 ಸಿಸಿ ಪೆಟ್ರೋಲ್ ಇಂಜಿನ್ನೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಅನ್ನೋ ಒಂದೇ ಕುಟುಂಬದವು. ಒಂದು ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ಕೂತು ಸ್ಪೋರ್ಟ್ಸ್ ಕಾರಾಯ್ತು. ಇನ್ನೊಂದು ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ ಟ್ಯಾಕ್ಸಿಯೂ, ವಿಧಾನಸೌಧದ ಮುಂದೆ ನಿಲ್ಲೋ ಸರ್ಕಾರಿ ಕಾರೂ ಆಯ್ತು.

ಒಂದೇ ಪಕ್ಕದಲ್ಲಿ ಬೆಂಕಿ, ಪೆಟ್ರೋಲ್

ಈ ಇಂಜಿನ್ನಿನ ಗುಣ ಅರ್ಥವಾಗದೆ ಮುಂದಿನ ರಾಜಕೀಯ ಅರ್ಥ ಆಗಲ್ಲ. ಹಾಗಾಗಿ ಎರಡು ನಿಮಿಷ ಬಾನೆಟ್ ಒಳಗೆ ಬಗ್ಗಿ ನೋಡೋಣ.

ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ತಂದುಕೊಡೋ ಕೊಳವೆ ಇನ್‌ಲೆಟ್ ಮ್ಯಾನಿಫೋಲ್ಡ್. ಉರಿದ ಹೊಗೆಯನ್ನ ಹೊರಗೆ ಒಯ್ಯೋದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಈಗಿನ ಬಹಳಷ್ಟು ಇಂಜಿನ್‌ಗಳಲ್ಲಿ ಒಂದು ಈ ಕಡೆ, ಇನ್ನೊಂದು ಆ ಕಡೆ ಇರುತ್ತವೆ. ಬಿ ಸೀರೀಸ್‌ನಲ್ಲಿ ಎರಡೂ ಒಂದೇ ಪಕ್ಕ. ನಾಲ್ಕು ಸಿಲಿಂಡರಿಗೆ ಒಟ್ಟು ಐದೇ ಬಾಯಿ: ಎರಡು ಒಳಬಾಯಿ, ಮೂರು ಹೊರಬಾಯಿ. ಒಳಬಾಯಿ ಒಂದೊಂದನ್ನೂ ಎರಡೆರಡು ಸಿಲಿಂಡರ್ ಹಂಚಿಕೊಳ್ಳುತ್ತವೆ. ಮೇಲೆ ಅಲ್ಯೂಮಿನಿಯಂ ಇನ್‌ಲೆಟ್, ಅದರ ಕೆಳಗೇ ಎರಕದ ಕಬ್ಬಿಣದ ಎಕ್ಸಾಸ್ಟ್. ಇನ್‌ಲೆಟ್ಟಿಗೆ ನೇತುಹಾಕಿದ ಹಾಗೆ ಎರಡು ಎಸ್‌ಯು ಕಾರ್ಬ್ಯುರೇಟರ್. ಅಂದ್ರೆ ಒಲೆಯ ನೇರ ಮೇಲೆ ಎರಡು ಲೋಟ ಪೆಟ್ರೋಲ್ ಇಟ್ಟಂತೆ.

ಇದು ಪೂರ್ತಿ ದಡ್ಡತನ ಅಲ್ಲ. ಚಳಿ ದೇಶದಲ್ಲಿ ಇನ್‌ಲೆಟ್ಟಿಗೆ ಸ್ವಲ್ಪ ಬಿಸಿ ಬೇಕು. ಇಲ್ಲದಿದ್ದರೆ ಪೆಟ್ರೋಲ್ ಆವಿಯಾಗದೆ ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತೆ. ಬಿಸಿ ಮ್ಯಾನಿಫೋಲ್ಡಿಗೆ ಬೇಕು, ಕಾರ್ಬ್ಯುರೇಟರ್ ಪಕ್ಕದ ಫ್ಲೋಟ್ ಚೇಂಬರ್ ಅನ್ನೋ ಪುಟ್ಟ ತೊಟ್ಟಿಗೆ ಬೇಡ. ಎರಡರ ನಡುವೆ ಅಂತರ ಕೆಲವೇ ಅಂಗುಲ.

ಆ ಅಂತರ ಕಾಯೋಕೆ ಕಾರ್ಖಾನೆಯವರು ಎರಡು ಸರಳ ವಸ್ತು ಇಟ್ಟಿದ್ದರು. ಒಂದು, ಬೇಕಲೈಟ್ ಥರದ ಗಟ್ಟಿ ವಸ್ತುವಿನ ದಪ್ಪ ಬಿಲ್ಲೆ. ಮ್ಯಾನಿಫೋಲ್ಡಿನ ಬಿಸಿ ನೇರವಾಗಿ ಕಾರ್ಬ್ಯುರೇಟರಿಗೆ ಹರಿಯದ ಹಾಗೆ ಇದು ತಡೆಯುತ್ತೆ. ಇನ್ನೊಂದು ಹೀಟ್‌ಶೀಲ್ಡ್, ಅಂದ್ರೆ ಬಗ್ಗಿಸಿದ ಉಕ್ಕಿನ ತಗಡು. ಕೆಳಗಿನ ಎಕ್ಸಾಸ್ಟಿನಿಂದ ಏಳುವ ಝಳ ಫ್ಲೋಟ್ ಚೇಂಬರಿಗೆ ಬಡಿಯದಂತೆ ಇದು ಅಡ್ಡ ನಿಲ್ಲುತ್ತೆ. ಹಳೆಯ ತಗಡಿನ ಇಂಜಿನ್ ಕಡೆಯ ಮುಖಕ್ಕೆ ಕಲ್ನಾರಿನ ಹಾಳೆ ಹೊಡೆದಿರುತ್ತೆ. ಅಂಥದ್ದು ಕೈಗೆ ಸಿಕ್ಕರೆ ದಯವಿಟ್ಟು ಒಣಗಿದ್ದನ್ನ ಕೆರೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಎಷ್ಟು ಅಪಾಯ ಅಂದ್ರೆ ಬ್ರಿಟನ್ 1999ರಲ್ಲಿ ಕಲ್ನಾರನ್ನ ಪೂರ್ತಿ ನಿಷೇಧಿಸಿತು. ನಾವು ಇವತ್ತಿಗೂ ಆಮದು ಮಾಡಿಕೊಳ್ತಿದ್ದೀವಿ.

ಕಳಚಿಟ್ಟಿದ್ದ ತಗಡು

ಮರುದಿನ ತಣ್ಣಗಿನ ಇಂಜಿನ್ ಮುಂದೆ ಕೂತು ನೋಡಿದಾಗ ಕಥೆ ಬಿಚ್ಚಿಕೊಳ್ತು. ಹೀಟ್‌ಶೀಲ್ಡೇ ಇರಲಿಲ್ಲ. ಹಿಂದಿನ ಮಾಲೀಕ ಯಾವಾಗಲೋ ಬೇರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕಿಸಿ, ತಗಡು ಅಡ್ಡ ಬರುತ್ತೆ ಅಂತ ಕಳಚಿ ಶೆಡ್ಡಿಗೆ ಎಸೆದಿದ್ದ. ಆಕ್ಸಿಲರೇಟರಿನ ರಿಟರ್ನ್ ಸ್ಪ್ರಿಂಗ್ ಸಿಕ್ಕಿಸೋ ಕಿವಿಗಳೂ ಅದೇ ತಗಡಿನಲ್ಲಿರುತ್ತವೆ. ತಗಡು ಹೋದ ಮೇಲೆ ಸ್ಪ್ರಿಂಗ್‌ಗಳನ್ನ ಒಂದು ತಂತಿಗೆ ಕಟ್ಟಿದ್ದ. ತಂತಿ ತುಂಡಾಗಿದ್ದರೆ ಥ್ರಾಟಲ್ ತೆರೆದೇ ಉಳೀತಿತ್ತು.

ಇನ್ನೊಂದು ಸಣ್ಣ ತಪ್ಪೂ ಇತ್ತು. ಇನ್‌ಲೆಟ್, ಎಕ್ಸಾಸ್ಟ್ ಎರಡನ್ನೂ ಒಂದೇ ಗ್ಯಾಸ್ಕೆಟ್ ಮೇಲೆ ಕೂರಿಸಿ, ದಪ್ಪನೆಯ ದೊಡ್ಡ ವಾಷರ್‌ಗಳಿಂದ ಎರಡನ್ನೂ ಒಟ್ಟಿಗೆ ಒತ್ತಿಹಿಡಿಯೋ ವ್ಯವಸ್ಥೆ ಅದು. ಒಂದರ ಅಂಚು ದಪ್ಪ, ಇನ್ನೊಂದರದ್ದು ತೆಳು ಆದ್ರೆ ವಾಷರ್ ಓರೆಯಾಗುತ್ತೆ. ದಪ್ಪದ್ದು ಬಿಗಿಯಾಗಿ ಕೂರುತ್ತೆ, ತೆಳುವಿನ ಸಂದಿಯಿಂದ ಗಾಳಿ ನುಗ್ಗುತ್ತೆ. ಇಲ್ಲಿ ಹೊಸ ಎಕ್ಸಾಸ್ಟಿನ ಅಂಚು ದಪ್ಪ ಇತ್ತು. ಹಾಗಾಗಿ ಇನ್‌ಲೆಟ್ ಕಡೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗ್ತಿತ್ತು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಇನ್ನಷ್ಟು ಕಾಯ್ತಿತ್ತು.

ಎರಡು ಭಾನುವಾರ ಹಿಡೀತು. ವಾಷರ್‌ಗಳ ಒಂದು ಬದಿಯನ್ನ ಅರದಿಂದ ಉಜ್ಜಿ ಸಮ ಮಾಡಿದ್ವಿ, ಹೊಸ ಗ್ಯಾಸ್ಕೆಟ್ ಹಾಕಿದ್ವಿ, ಬಿಲ್ಲೆಗಳನ್ನ ಬದಲಾಯಿಸಿದ್ವಿ, ಕಲ್ನಾರಿಲ್ಲದ ಹೊಸ ಹೀಟ್‌ಶೀಲ್ಡ್ ಕೂರಿಸಿದ್ವಿ. ಗಾಡಿ ಸುಧಾರಿಸ್ತು. ಆದ್ರೆ ಪೂರ್ತಿ ಅಲ್ಲ. ಆಗ ಆ ಹಿರಿಯರು ಕೇಳಿದರು, “ನಿನ್ನೆ ಯಾವ ಪೆಟ್ರೋಲ್ ಹಾಕಿಸಿದ್ದು ನಾವು? ಹಸಿರು ಪಂಪಿನ ಮೇಲೆ ಏನಂತ ಬರೆದಿತ್ತು?”

ಇ10 ಅಂತ ಬರೆದಿತ್ತು.

ಪೆಟ್ರೋಲ್ ಬದಲಾಯ್ತು, ಕಾರ್ಬ್ಯುರೇಟರ್ ಬದಲಾಗಲಿಲ್ಲ

ಈಗಿನ ಪೆಟ್ರೋಲ್ ತಯಾರಾಗೋದು ಇಂಜೆಕ್ಷನ್ ಗಾಡಿಗಳಿಗೆ. ಅವುಗಳಲ್ಲಿ ಇಂಧನ ಮುಚ್ಚಿದ ಪೈಪಿನಲ್ಲಿ ಒತ್ತಡದಲ್ಲಿ ಇರುತ್ತೆ. ಕುಕ್ಕರಿನಲ್ಲಿ ನೀರು ನೂರು ಡಿಗ್ರಿ ದಾಟಿದ ಮೇಲಷ್ಟೇ ಕುದಿಯೋ ಹಾಗೆ, ಅಲ್ಲಿ ಪೆಟ್ರೋಲ್ ಸುಲಭಕ್ಕೆ ಕುದಿಯಲ್ಲ. ಕಾರ್ಬ್ಯುರೇಟರಿನ ತೊಟ್ಟಿ ತೆರೆದ ಪಾತ್ರೆ ಇದ್ದ ಹಾಗೆ, ಹೊರಗಿನ ಗಾಳಿಗೆ ತೆರೆದಿರುತ್ತೆ. ಗಾಡಿ ಓಡ್ತಿರುವಾಗ ಗಾಳಿ ಬೀಸಿ, ಹೊಸ ಪೆಟ್ರೋಲ್ ಬಂದು ತಂಪಾಗಿರುತ್ತೆ. ಆಫ್ ಮಾಡಿದ ತಕ್ಷಣ ಎರಡೂ ನಿಲ್ಲುತ್ತವೆ, ಕಾದ ಕಬ್ಬಿಣದ ಶಾಖ ಮೇಲೇರುತ್ತೆ. ಆಫ್ ಮಾಡಿದ ಮೇಲಿನ ಹತ್ತಿಪ್ಪತ್ತು ನಿಮಿಷವೇ ಅತಿ ಕೆಟ್ಟದ್ದು. ನಾವು ತಣ್ಣಗೆ ಕುಡೀತಾ ಕೂತಿದ್ದು ಆಗಲೇ.

ಇದಕ್ಕೆ ಎಥೆನಾಲ್ ಸೇರಿದರೆ ಏನಾಗುತ್ತೆ? ಶುದ್ಧ ಎಥೆನಾಲ್ ಕುದಿಯೋದು 78 ಡಿಗ್ರಿಯಲ್ಲಿ. ಆದ್ರೆ ಶೇ. 5ರಿಂದ 10ರಷ್ಟು ಪೆಟ್ರೋಲಿಗೆ ಬೆರೆಸಿದಾಗ, ಮಿಶ್ರಣ ಮೊದಲಿಗಿಂತ ಬೇಗ ಆವಿಯಾಗೋ ಕಡೆ ವಾಲುತ್ತೆ. ಎರಡನೆಯದು, ಎಥೆನಾಲ್‌ನಲ್ಲಿ ಆಮ್ಲಜನಕ ಇರೋದರಿಂದ ಅದನ್ನ ಉರಿಸಲು ಗಾಳಿ ಕಡಿಮೆ ಸಾಕು. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನ ಗುರುತಿಸಿ ಪೆಟ್ರೋಲ್ ಹೆಚ್ಚಿಸುತ್ತೆ. ಕಾರ್ಬ್ಯುರೇಟರಿಗೆ ಕಣ್ಣಿಲ್ಲ. ಅದು ಹಳೆ ಲೆಕ್ಕದಲ್ಲೇ ಅಳೆದು ಕೊಡುತ್ತೆ, ಇಂಜಿನ್ನಿಗೆ ಇಂಧನ ಸಾಲದೆ ಬಿಸಿ ಜಾಸ್ತಿಯಾಗುತ್ತೆ. ಮೂರನೆಯದು, ಎಥೆನಾಲ್ ನೀರು ಹೀರುತ್ತೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನ ಮೆತ್ತಗೆ ಮಾಡುತ್ತೆ.

ಅತಿಶಯ ಬೇಡ. ಎಥೆನಾಲ್ ವಿಷವೇನಲ್ಲ. ಅದರ ಆಕ್ಟೇನ್ ಹೆಚ್ಚು, ಅದಕ್ಕೆಂದೇ ತಯಾರಾದ ಗಾಡಿ ಅದರಲ್ಲಿ ಚೆನ್ನಾಗೇ ಓಡುತ್ತೆ. ‘ಎಥೆನಾಲ್ ಹಾಕಿದ್ರೆ ಇಂಜಿನ್ ಸುಟ್ಟೇ ಹೋಗುತ್ತೆ’ ಅನ್ನೋ ವಾಟ್ಸಾಪ್ ವಿಡಿಯೋಗಳನ್ನ ನಾನು ನಂಬಲ್ಲ. ಪ್ರಶ್ನೆ ಇರೋದು, ಅದಕ್ಕೆ ತಯಾರಾಗದ ಗಾಡಿಗಳ ಮಾಲೀಕರಿಗೆ ಏನು ದಾರಿ ಅನ್ನೋದರಲ್ಲಿ.

ಬ್ರಿಟನ್ ಉಳಿಸಿದ ಒಂದು ಪಂಪು

ಗ್ರೇಟ್ ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಇ10 ಆಯ್ತು. ವರ್ಷಕ್ಕೆ 7.5 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತೆ, ಅದು 3.5 ಲಕ್ಷ ಕಾರುಗಳನ್ನ ರಸ್ತೆಯಿಂದ ತೆಗೆದಿದ್ದಕ್ಕೆ ಸಮ ಅಂತ ಸರ್ಕಾರ ಹೇಳಿತು. ಸುಮಾರು ಶೇ. 95ರಷ್ಟು ಪೆಟ್ರೋಲ್ ವಾಹನಗಳಿಗೆ ಇ10 ಸರಿಹೊಂದುತ್ತೆ ಅಂತಲೂ ಹೇಳಿತು. ಉಳಿದವರಿಗೆ? ದುಬಾರಿ ‘ಸೂಪರ್’ ಪೆಟ್ರೋಲನ್ನ ಇ5 ಆಗಿ ಉಳಿಸಿತು. ಪಂಪಿನ ಮೇಲೆ ದೊಡ್ಡ ಅಕ್ಷರದ ಚೀಟಿ. ನಿಮ್ಮ ಗಾಡಿಗೆ ಯಾವುದು ಸರಿ ಅಂತ ನೋಡೋಕೆ ಸರ್ಕಾರಿ ವೆಬ್‌ಸೈಟ್.

ಆ ಹಿರಿಯರು ಅಲ್ಲಿಂದ ಮುಂದೆ ಇ5 ಹಾಕಿಸೋಕೆ ಶುರು ಮಾಡಿದರು. ಕಾರ್ಬ್ಯುರೇಟರ್ ಅಡಿಯ ಆರು ಮೂಲೆಯ ನಟ್ಟನ್ನ ಎರಡು ಮೂಲೆಯಷ್ಟು ತಿರುಗಿಸಿ ಮಿಶ್ರಣ ಸ್ವಲ್ಪ ದಟ್ಟ ಮಾಡಿದ್ವಿ. ಆಮೇಲೆ ಗಾಡಿ ಕೈಕೊಡಲಿಲ್ಲ.

ಇದನ್ನ ನೋಡಿ ಬ್ರಿಟನ್ ಬಹಳ ಉದಾರಿ ಅಂತ ಹಾಡೋಕೆ ನಾನು ತಯಾರಿಲ್ಲ. ಹಳೇ ಕಾರಿನವರಿಗೆ ಅಲ್ಲಿ ದೊಡ್ಡ ದನಿ ಇದೆ. ಐತಿಹಾಸಿಕ ವಾಹನ ಕ್ಲಬ್ಬುಗಳ ಒಕ್ಕೂಟವೇ ಇದೆ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯಿಂದ, ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಹವ್ಯಾಸಕ್ಕೆ ಕಾರಿಟ್ಟವರು ಲೀಟರಿಗೆ ಒಂದಿಷ್ಟು ಹೆಚ್ಚು ಕೊಡಬಲ್ಲರು. ಹಳೇ ಗಾಡಿಯಲ್ಲೇ ದಿನಾ ಕೆಲಸಕ್ಕೆ ಹೋಗೋ ಬಡ ಕಾರ್ಮಿಕನಿಗೆ ಅದೇ ಹೆಚ್ಚುವರಿ ದುಡ್ಡು ಹೊರೆ. ಆದ್ರೂ ಒಂದು ತತ್ವ ಅಲ್ಲಿ ಒಪ್ಪಿತವಾಗಿದೆ: ಇಂಧನ ಬದಲಾಯಿಸ್ತಿರೋದು ಸರ್ಕಾರ, ಹಾಗಾಗಿ ಹೊಂದದವರಿಗೆ ದಾರಿ ತೋರಿಸೋದೂ ಸರ್ಕಾರದ ಕೆಲಸ.

ದಾವಣಗೆರೆಯ ಬಂಕಿನಲ್ಲಿ

ಈಗ ನಮ್ಮ ಕಡೆ ಬನ್ನಿ. ಇ20 ಪೆಟ್ರೋಲನ್ನ ಪ್ರಧಾನಿ ಮೋದಿ ಲೋಕಾರ್ಪಣೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಮೊದಲು 2030ಕ್ಕೆ ಇಟ್ಟಿದ್ದ ಗುರಿಯನ್ನ 2025ಕ್ಕೆ ಎಳೆದು ತರಲಾಯ್ತು. ಇವತ್ತು ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ಅಂದ್ರೆ ಇ20.

ನನ್ನ ತಮ್ಮನ ಹತ್ರ 2014ರ ಬೈಕ್ ಇದೆ. ಕಾರ್ಬ್ಯುರೇಟರ್ ಗಾಡಿ. ಅದರಲ್ಲೇ ಊಟದ ಡೆಲಿವರಿ ಮಾಡ್ತಾನೆ. ಎಂಜಿಬಿ ಕಥೆ ಹೇಳಿದ್ದಕ್ಕೆ ನಕ್ಕ. “ಅಣ್ಣಾ, ನಮ್ ಬಂಕಲ್ಲಿ ಇರೋದು ಒಂದೇ ಪೈಪು. ಕೇಳಿದ್ರೆ ‘ಪೆಟ್ರೋಲ್ ಅಂದ್ರೆ ಪೆಟ್ರೋಲ್ ಕಣಪ್ಪ’ ಅಂತಾನೆ.” ಮೈಲೇಜ್ ಬಿದ್ದಿದೆ ಅಂತಾನೆ. ಬೈಕಿನ ಕಾರ್ಬ್ಯುರೇಟರ್ ಗಾಳಿಗೆ ತೆರೆದುಕೊಂಡಿರುತ್ತೆ, ಎಂಜಿಬಿಯ ಹಾಗೆ ಒಲೆ ಮೇಲೆ ಕೂತಿಲ್ಲ. ಹಾಗಾಗಿ ಕುದಿಯೋ ಸಮಸ್ಯೆ ಅವನಿಗಿಲ್ಲ. ಆದ್ರೆ ಕಣ್ಣಿಲ್ಲದ ಕಾರ್ಬ್ಯುರೇಟರ್, ನೀರು ಹೀರೋ ಇಂಧನ, ಹಳೇ ರಬ್ಬರ್ ಈ ಮೂರೂ ಅವನಿಗೂ ಇವೆ.

ಇದು ಅವನೊಬ್ಬನ ಮಾತಲ್ಲ. ನೀತಿ ಆಯೋಗ 2021ರ ಜೂನ್‌ನಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿ ವರದಿಯೇ ಇದನ್ನ ಲೆಕ್ಕ ಹಾಕಿದೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಮೈಲೇಜ್ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಇಳಿಯಬಹುದು ಅಂತ ಅದು ಹೇಳಿತ್ತು. ಅದೇ ವರದಿ ಇನ್ನೆರಡು ಮಾತು ಹೇಳಿತ್ತು: ಹಳೆ ವಾಹನಗಳಿಗಾಗಿ ಇ10 ಅನ್ನ ರಕ್ಷಣಾ ಇಂಧನವಾಗಿ ಉಳಿಸಬೇಕು. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ ಇರೋದರಿಂದ ಬೆರೆಸಿದ ಪೆಟ್ರೋಲಿನ ಬೆಲೆಯೂ ಕಡಿಮೆ ಇರಬೇಕು.

ಹೀಟ್‌ಶೀಲ್ಡ್ ನಕ್ಷೆಯಲ್ಲಿತ್ತು. ಗಾಡಿ ಜೋಡಿಸುವಾಗ ಕಳಚಿ ಶೆಡ್ಡಿಗೆ ಎಸೆದರು.

ಇ20ಗೆ ತಕ್ಕ ಬಿಡಿಭಾಗಗಳ ಗಾಡಿಗಳು ಬರೋಕೆ ಶುರುವಾಗಿದ್ದು 2023ರ ಏಪ್ರಿಲ್‌ನಿಂದ. ಬಿಎಸ್6 ಬಂದ 2020ರವರೆಗೆ ನಮ್ಮ ಬಹುಪಾಲು ದ್ವಿಚಕ್ರ ವಾಹನಗಳು ಕಾರ್ಬ್ಯುರೇಟರಿನವೇ. ಬ್ರಿಟನ್ನಿನಲ್ಲಿ ಹೊಂದದ ಗಾಡಿಗಳು ಅಲ್ಪಸಂಖ್ಯಾತ, ಅದರಲ್ಲೂ ಎಷ್ಟೋ ಹವ್ಯಾಸದವು. ನಮ್ಮಲ್ಲಿ ಅವು ಕೋಟಿಗಟ್ಟಲೆ, ಅನ್ನದ ಗಾಡಿಗಳು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯಾದ್ರೂ ಕೊಡಿ, ಪಂಪಿನ ಮೇಲೆ ಪ್ರಮಾಣವಾದ್ರೂ ಬರೆಯಿರಿ ಅಂತ ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ರೈತರನ್ನ ಅಡ್ಡ ನಿಲ್ಲಿಸೋದು

ಇಂಥ ಪ್ರಶ್ನೆ ಕೇಳಿದಾಗಲೆಲ್ಲ ಬರೋ ಉತ್ತರ, ‘ನೀವು ರೈತ ವಿರೋಧಿಗಳಾ?’ ಅಂತ. ನಮ್ಮ ಚಿಕ್ಕಪ್ಪ ದಾವಣಗೆರೆ ಪಕ್ಕದಲ್ಲೇ ಮೆಕ್ಕೆಜೋಳ ಬೆಳೀತಾರೆ. ಮೆಕ್ಕೆಜೋಳ ಈಗ ಎಥೆನಾಲ್‌ನ ದೊಡ್ಡ ಕಚ್ಚಾವಸ್ತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಸಲ ಸುಗ್ಗಿಯಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು. ಅದೇ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತರು. 3,300ಕ್ಕೆ ರಾಜಿಯಾಯ್ತು. ಇ20 ಬಂದ ಮೇಲೂ ರೈತ ರಸ್ತೆಯಲ್ಲೇ ಇದ್ದಾನೆ ಅಂದ್ರೆ, ಆ ಲಾಭ ಅವನ ಕೈಗೆ ಎಷ್ಟು ತಲುಪ್ತಿದೆ ಅಂತ ಕೇಳೋದು ರೈತ ವಿರೋಧ ಹೇಗಾಗುತ್ತೆ?

ಬ್ರಿಟನ್ನಿನ ಪಾಠವೂ ಇದೆ. ಹಲ್ ನಗರದ ಬಳಿಯ ವಿವೆರ್ಗೊ ಕಾರ್ಖಾನೆ ಅಲ್ಲಿನ ರೈತರ ಗೋಧಿಯಿಂದ ಎಥೆನಾಲ್ ಮಾಡ್ತಿತ್ತು. 2025ರ ಮೇ ತಿಂಗಳ ಒಪ್ಪಂದದಲ್ಲಿ ಅಮೆರಿಕದ 140 ಕೋಟಿ ಲೀಟರ್ ಎಥೆನಾಲ್‌ಗೆ ಬ್ರಿಟನ್ ಸುಂಕ ತೆಗೆಯಿತು. ಆಗಸ್ಟ್‌ನಲ್ಲಿ ಕಾರ್ಖಾನೆ ಮುಚ್ಚುವ ಘೋಷಣೆ ಬಂತು. ಪೆಟ್ರೋಲ್‌ನಲ್ಲಿ ಎಥೆನಾಲ್ ಹಾಗೇ ಉಳಿಯಿತು, ಅಲ್ಲಿನ ರೈತ ಒಬ್ಬ ಗಿರಾಕಿಯನ್ನ ಕಳಕೊಂಡ. ಅಮೆರಿಕ ನಮ್ಮ ಎಥೆನಾಲ್ ಆಮದು ನಿರ್ಬಂಧದ ಮೇಲೂ ಕಣ್ಣಿಟ್ಟಿದೆ. ರೈತರ ಹೆಸರಲ್ಲಿ ಕಟ್ಟಿದ ಮಾರುಕಟ್ಟೆ ನಾಳೆ ಯಾರ ಪಾಲಾಗುತ್ತೆ ಅನ್ನೋದನ್ನ ಈಗಲೇ ಕೇಳಬೇಕು.

ಕೇಳಬೇಕಾದ್ದು ಇಷ್ಟೇ

ಎಥೆನಾಲ್ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ನೀತಿ ಆಯೋಗದ ವರದಿಯಲ್ಲಿ ಇದ್ದಿದ್ದನ್ನೇ ಕೊಡಿ ಅಂತಿದ್ದೀನಿ. ತಾಲೂಕಿಗೆ ಒಂದೆರಡು ಬಂಕಿನಲ್ಲಾದ್ರೂ ಇ10 ಇರಲಿ, ಅದೂ ‘ಪ್ರೀಮಿಯಂ’ ಬೆಲೆಗಲ್ಲ. ಪ್ರತಿ ಪಂಪಿನ ಮೇಲೆ ಎಥೆನಾಲ್ ಪ್ರಮಾಣ ಕನ್ನಡದಲ್ಲಿ ಬರೆದಿರಲಿ. ಶಕ್ತಿ ಕಡಿಮೆ ಇರೋ ಇಂಧನಕ್ಕೆ ದರವೂ ಕಡಿಮೆ ಇರಲಿ. ಹಳೇ ಬೈಕಿನ ರಬ್ಬರ್ ಪೈಪು, ಗ್ಯಾಸ್ಕೆಟ್ ಬದಲಾಯಿಸೋ ಖರ್ಚಿನಲ್ಲಿ ತೈಲ ಕಂಪನಿಗಳ ಪಾಲೂ ಇರಲಿ.

ಕಳೆದ ವಾರ ಮಾವನಿಗೆ ಫೋನ್ ಮಾಡಿ ಎಂಜಿಬಿ ಕಥೆ ಹೇಳಿದೆ. ಅಂಬಾಸಡರ್ ಮಾರಿ ಎಷ್ಟೋ ವರ್ಷ ಆಯ್ತು. ಪೂರ್ತಿ ಕೇಳಿಸಿಕೊಂಡು, “ಅವ್ರಿಗೆ ತಗಡು ಇತ್ತು, ನಮಗ ಒದ್ದೆ ಬಟ್ಟೆ” ಅಂದರು. ಆಮೇಲೆ ತಮ್ಮನ ಬೈಕಿನ ಪೆಟ್ರೋಲ್ ಪೈಪು ಬದಲಾಯಿಸಿದ್ದಾನಾ ಅಂತ ವಿಚಾರಿಸಿದರು. ಇಲ್ಲ, ಇನ್ನೂ ಬದಲಾಯಿಸಿಲ್ಲ.